ಬಟ್ಟೆಯ ಗ್ರೋ ಬ್ಯಾಗ್: ಎರಡು ಬೆಳೆ ತೆಗೆದ ಮೇಲೆ ಬರೆಯುತ್ತಿದ್ದೇನೆ

ಆರು ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿದ್ದ ನನ್ನ ಟೊಮೆಟೊ ಗಿಡ ಮೊಣಕಾಲೆತ್ತರಕ್ಕೆ ಬಂದು ಹಾಗೇ ನಿಂತುಬಿಟ್ಟಿತ್ತು. ಗೊಬ್ಬರ ಹಾಕಿದೆ, ಬಿಸಿಲಿಗೆ ಸರಿಸಿದೆ, ಏನೂ ಆಗಲಿಲ್ಲ. ಬೆಳಿಗ್ಗೆ ನೀರು ಹಾಕಿದರೆ ಮಧ್ಯಾಹ್ನಕ್ಕೇ ಎಲೆ ಜೋತು ಬೀಳುತ್ತಿತ್ತು. ಕೊನೆಗೆ ಕುಂಡ ಬೋರಲು ಹಾಕಿ ತಟ್ಟಿ ಗಿಡ ಹೊರಗೆ ತೆಗೆದರೆ ಮಣ್ಣು ಕಾಣಲೇ ಇಲ್ಲ, ಬರೀ ಬೇರು. ತಳದಲ್ಲಿ ಹಗ್ಗ ಸುತ್ತಿಟ್ಟ ಹಾಗೆ ಸುತ್ತಿಕೊಂಡಿತ್ತು. ನೋಡಿ ತುಂಬ ಬೇಜಾರಾಯಿತು. ಆವತ್ತೇ ಬಟ್ಟೆಯ ಗ್ರೋ ಬ್ಯಾಗ್ (ಕುಂಡದ ಬದಲು ಮಣ್ಣು ತುಂಬಿ ಗಿಡ ಬೆಳೆಸುವ ಚೀಲ) ತರಿಸಿದೆ, 8 ಇಂಚಿನದು ನಾಲ್ಕು, 12 ಇಂಚಿನದು ನಾಲ್ಕು.

ಮೊದಲು ಅಳತೆಯ ವಿಷಯ. ಪ್ಯಾಕೆಟ್ ಮೇಲೆ ಬರೀ ಇಂಚು ಬರೆದಿರುತ್ತಾರೆ, ಎಷ್ಟು ಲೀಟರ್ ಮಣ್ಣು ಹಿಡಿಯುತ್ತದೆ ಅಂತ ಬರೆಯುವುದಿಲ್ಲ. ಇದು ನನಗೆ ಇಷ್ಟವಾಗಲಿಲ್ಲ. 8 ಇಂಚು ಅಗಲ, 8 ಇಂಚು ಎತ್ತರ ಇದ್ದರೆ ಸುಮಾರು 6.6 ಲೀಟರ್ ಹಿಡಿಯುತ್ತದೆ. 12 ಇಂಚು ಅಗಲ, 12 ಇಂಚು ಎತ್ತರದ್ದು ಸುಮಾರು 22 ಲೀಟರ್. ಅಂದರೆ ನೋಡೋಕೆ ನಾಲ್ಕೇ ಇಂಚಿನ ವ್ಯತ್ಯಾಸ, ಆದರೆ ಬೇರಿಗೆ ಸಿಗುವ ಜಾಗ ಮೂರು ಪಟ್ಟಿಗಿಂತ ಜಾಸ್ತಿ. ಕೊಳ್ಳುವಾಗ ಲೀಟರ್ ಎಷ್ಟು ಅಂತ ಕೇಳಿ.

ಒಂದೇ ದಿನ ಮೊಳೆತ ಮೆಣಸಿನಕಾಯಿ ಸಸಿಗಳನ್ನು ಎರಡೂ ಅಳತೆಯ ಬ್ಯಾಗಿಗೆ ನೆಟ್ಟೆ. ಮಣ್ಣು, ಕಾಂಪೋಸ್ಟ್, ಬಿಸಿಲು ಎಲ್ಲ ಒಂದೇ. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ದೊಡ್ಡ ಬ್ಯಾಗಿನ ಗಿಡಗಳು ಕವಲೊಡೆದು ಅಗಲವಾದವು, ಚಿಕ್ಕದರಲ್ಲಿದ್ದವು ಬೇಗ ಹೂ ಬಿಟ್ಟು ನಾಲ್ಕು ಕಾಯಿ ಕೊಟ್ಟು ಸುಮ್ಮನಾದವು. ಇದು ನನ್ನೊಬ್ಬನ ಅನುಭವ ಮಾತ್ರ ಅಲ್ಲ. 2012ರಲ್ಲಿ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕುಂಡದ ಗಾತ್ರ ಎರಡು ಪಟ್ಟಾದರೆ ಗಿಡದ ಒಟ್ಟು ತೂಕ ಸರಾಸರಿ 43% ಹೆಚ್ಚುತ್ತದೆ ಅಂತ ಗೊತ್ತಾಗಿತ್ತು. ಬೇರಿಗೆ ಜಾಗ ಸಾಲದಿದ್ದರೆ ಎಲೆ ಆಹಾರ ತಯಾರಿಸುವುದೇ ಕಡಿಮೆಯಾಗುತ್ತದೆ ಅನ್ನೋದು ಅಲ್ಲಿ ಸಿಕ್ಕ ಮುಖ್ಯ ಕಾರಣ.

ಬಟ್ಟೆಯೇ ಯಾಕೆ? ಪ್ಲಾಸ್ಟಿಕ್ ಗೋಡೆಗೆ ತಾಗಿದ ಬೇರು ತಿರುಗಿಕೊಂಡು ಸುತ್ತೋಕೆ ಶುರು ಮಾಡುತ್ತದೆ. ಬಟ್ಟೆಯ ಹತ್ತಿರ ಬಂದರೆ ಗಾಳಿ ತಾಗಿ ಬೇರಿನ ತುದಿ ಒಣಗುತ್ತದೆ, ಹಿಂದಿನಿಂದ ಹೊಸ ಕವಲು ಬೇರುಗಳು ಹೊರಡುತ್ತವೆ. ಬೆಳೆ ಮುಗಿದ ಮೇಲೆ ಬ್ಯಾಗ್ ಬಿಚ್ಚಿ ನೋಡಿದೆ, ಮಣ್ಣಿನ ತುಂಬ ಸಣ್ಣ ಸಣ್ಣ ಬೇರು ಹರಡಿತ್ತು, ಒಂದು ಸುತ್ತೂ ಇರಲಿಲ್ಲ. ಖುಷಿಯಾಯಿತು.

ತೊಂದರೆ ಇಲ್ಲ ಅಂತಲ್ಲ. ಸುತ್ತಲಿಂದಲೂ ಗಾಳಿಯಾಡುವುದರಿಂದ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ 8 ಇಂಚಿನದಕ್ಕೆ ದಿನಕ್ಕೆ ಎರಡು ಸಲ ನೀರು ಬೇಕಾಯಿತು. ಒಂದು ದಿನ ಮರೆತು, ಮಣ್ಣಿನ ಜೊತೆಗಿದ್ದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ಒಣಗಿತು, ಆಮೇಲೆ ಹಾಕಿದ ನೀರೆಲ್ಲ ಪಕ್ಕದಿಂದ ಸೋರಿಹೋಯಿತು. ಬ್ಯಾಗನ್ನೇ ಟಬ್ಬಿನಲ್ಲಿ ಅರ್ಧ ಗಂಟೆ ಇಟ್ಟು ನೆನೆಸಬೇಕಾಯಿತು. ಹೊರಮೈಯಲ್ಲಿ ಬಿಳಿ ಉಪ್ಪಿನ ಕಲೆಯೂ ಕಟ್ಟುತ್ತದೆ. ನಾಲ್ಕರಲ್ಲಿ ಒಂದು ದೊಡ್ಡ ಬ್ಯಾಗಿನ ಹಿಡಿಕೆ ಹೊಲಿಗೆ ಬಿಟ್ಟಿತು, ಒದ್ದೆ ಮಣ್ಣಿನ ಭಾರ ತಡೆಯಲಿಲ್ಲ. ಎತ್ತುವಾಗ ತಳಕ್ಕೆ ಕೈ ಕೊಡಿ.

ಇನ್ನೊಂದು ಮಾತು. ತಳದಲ್ಲಿ ಜಲ್ಲಿ ಹಾಕಬೇಡಿ. ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹಾಕಿದ್ದೆ. ಆದರೆ ಒದ್ದೆ ಪದರ ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಸಿಗಬೇಕಾದ ಜಾಗ ಅಷ್ಟು ಕಡಿಮೆಯಾಗುತ್ತದೆ ಅಷ್ಟೇ. ಹಾಗಂತ ಬೆರಳುದ್ದದ ಸಸಿಯನ್ನು ಸೀದಾ ದೊಡ್ಡ ಪ್ಲಾಸ್ಟಿಕ್ ಕುಂಡಕ್ಕೆ ಹಾಕಿದರೂ ಕಷ್ಟ, ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಬೇರು ಕೊಳೆಯಬಹುದು. ಬಟ್ಟೆಯಲ್ಲಿ ಆ ಭಯ ಕಡಿಮೆ.

8 ಇಂಚಿನವು ಈಗ ಸೊಪ್ಪಿಗೆ ಮಾತ್ರ. 12 ಇಂಚಿನ ಮೂರರಲ್ಲಿ ಮತ್ತೆ ಟೊಮೆಟೊ ಇದೆ, ಎರಡು ಗಿಡ ನನ್ನ ಎದೆಮಟ್ಟಕ್ಕೆ ಬಂದಿವೆ. ನಿಂಬೆ ಗಿಡಕ್ಕೆ 18 ಇಂಚಿನದು ತರಿಸಿದ್ದೇನೆ, ಮೊನ್ನೆ ತಾನೇ ನೆಟ್ಟೆ.