ಇಂಗ್ಲಿಷ್ ವಾಕ್ಯದ ತಪ್ಪು ಹಿಡಿಯಲು ಮೂರು ದಾರಿ: ದಾದರಿನ ಕ್ಲಾಸು, ಮೊಬೈಲಿನ ಆ್ಯಪ್, ಫುಟ್‌ಪಾತಿನ ಹಳೇ ಪುಸ್ತಕ

ನನ್ನ ಮತ ಹಳೇ ಪುಸ್ತಕಕ್ಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂಬೈಯ ಫ್ಲೋರಾ ಫೌಂಟನ್ ಹತ್ತಿರದ ಫುಟ್‌ಪಾತಿನಲ್ಲಿ 150 ರೂಪಾಯಿಗೆ ಕೊಂಡದ್ದು. ವ್ಯಾಪಾರಿ 250 ಹೇಳಿದ್ದ, ನಾನು 100ಕ್ಕೆ ಕೇಳಿದ್ದೆ. ಅಷ್ಟರಲ್ಲಿ ಮಳೆ ಹನಿಯತೊಡಗಿ ಅವನಿಗೆ ಪ್ಲಾಸ್ಟಿಕ್ ಹೊದಿಸುವ ಅವಸರ, ನನಗೆ ಲೋಕಲ್ ರೈಲು ಹಿಡಿಯುವ ಅವಸರ. ಮರುದಿನ ಕಚೇರಿಗೆ ಒಯ್ದು ತೋರಿಸಿದರೆ ಪಕ್ಕದ ಮೇಜಿನ ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಎಂಬಿಎ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯ ಪುಸ್ತಕ ಮಾರಾಯರೇ. ಆ ಪರೀಕ್ಷೆಯಲ್ಲಿ ವಾಕ್ಯ ತಿದ್ದುವ ಭಾಗವನ್ನೇ ತೆಗೆದು ಹಾಕಿದ್ದಾರೆ. ಅದಕ್ಕೇ ನಿಮ್ಮ ತಲೆಗೆ ಕಟ್ಟಿದ್ದಾನೆ."

ಅವರು ಹೇಳಿದ್ದು ಸುಳ್ಳಲ್ಲ. 2023ರ ನವೆಂಬರಿನಲ್ಲಿ ಜಿಮ್ಯಾಟ್ ಹೊಸ ರೂಪಕ್ಕೆ ಬಂದಾಗ ಸೆಂಟೆನ್ಸ್ ಕರೆಕ್ಷನ್ ಎಂಬ ಭಾಗ ಹೋಯಿತು. ಭಾಷೆಯ ವಿಭಾಗದಲ್ಲಿ ಈಗ ಇರುವುದು ಓದಿ ಗ್ರಹಿಸುವ ಪ್ರಶ್ನೆಗಳು ಮತ್ತು ತರ್ಕದ ಪ್ರಶ್ನೆಗಳು. ಹಳೆಯ ರೂಪದ ಪರೀಕ್ಷೆ 2024ರ ಜನವರಿ ಕೊನೆಗೆ ನಿಂತೇ ಹೋಯಿತು. ಆದರೆ ನಾನು ಬರೆಯುವುದು ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆ. ಅಲ್ಲಿ ವಾಕ್ಯದ ತಪ್ಪು ಹಿಡಿಯುವ ಪ್ರಶ್ನೆಗೆ ಇನ್ನೂ ಸಾವಿಲ್ಲ. ಪೂರ್ವಭಾವಿ ಪರೀಕ್ಷೆಯ ಇಂಗ್ಲಿಷ್ ಭಾಗಕ್ಕೆ 20 ನಿಮಿಷ, ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಸಾಮಾನ್ಯ ವರ್ಗದವರಿಗೆ ವಯಸ್ಸಿನ ಗಡಿ 30. ನನಗೀಗ 28.

ಪುಸ್ತಕಕ್ಕಿಂತ ಮೊದಲು ನಾನು ಹಣ ಸುರಿದದ್ದು ಎರಡು ಕಡೆ. ದಾದರಿನ ಒಂದು ಕ್ಲಾಸಿಗೆ ಮೂರು ತಿಂಗಳಿಗೆ 9,500 ರೂಪಾಯಿ, ಆಮೇಲೆ ಒಂದು ಆ್ಯಪಿಗೆ ವರ್ಷಕ್ಕೆ 1,499. ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಆ ಬಗೆಯ ಕ್ಲಾಸುಗಳೂ ಆ್ಯಪುಗಳೂ ಬೇಕಾದಷ್ಟಿವೆ.

ಕ್ಲಾಸು ಭಾನುವಾರ ಬೆಳಿಗ್ಗೆ 8ರಿಂದ 12ರವರೆಗೆ. ಸೆಂಟ್ರಲ್ ಲೈನಿನವರಿಗೆ ಭಾನುವಾರ ಎಂದರೆ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಹೊತ್ತು. ಹೋಗುವುದು ಹೇಗೋ ಆಗುತ್ತಿತ್ತು, ಡೊಂಬಿವಲಿಗೆ ಮರಳುವಷ್ಟರಲ್ಲಿ ಮಧ್ಯಾಹ್ನದ ಊಟ ಆರಿ ಹೋಗಿರುತ್ತಿತ್ತು. ಪಾಠ ಮಾಡುವ ಸರ್ ಒಳ್ಳೆಯವರು, ಗಂಟಲು ದೊಡ್ಡದು. ಅರವತ್ತು ಜನರ ಕೊನೆಯ ಬೆಂಚಿಗೂ ಕೇಳುವಂತೆ ಸೂತ್ರ ಹೇಳುತ್ತಿದ್ದರು. ಮಾಡಿಫೈಯರ್, ಎಂದರೆ ವಾಕ್ಯದಲ್ಲಿ ಇನ್ನೊಂದು ಪದವನ್ನು ಬಣ್ಣಿಸುವ ತುಂಡು, ಅದರ ಬಗ್ಗೆ ಅವರ ಸೂತ್ರ ಇಷ್ಟೇ: ವಾಕ್ಯದ ಆರಂಭದಲ್ಲಿ 'ಇಂಗ್' ಎಂದು ಕೊನೆಯಾಗುವ ಪದ ಬಂದು ಕಾಮಾ ಬಿದ್ದಿದ್ದರೆ, ಕಾಮಾದ ಆಚೆ ಮನುಷ್ಯನಿರುವ ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗಿ.

ಎಂಟು ವಾರ ಈ ಸೂತ್ರ ನನ್ನನ್ನು ಕಾಪಾಡಿತು. ಒಂಬತ್ತನೆಯ ವಾರದ ಅಣಕು ಪರೀಕ್ಷೆಯಲ್ಲಿ ಹೀಗೊಂದು ವಾಕ್ಯ ಬಂತು, ಹೆಸರು ನಾನು ಬದಲಿಸಿದ್ದು, ಅಚ್ಚು ಅದೇ: "ವಾಕಿಂಗ್ ಟು ದ ಸ್ಟೇಷನ್, ರಮೇಶ್ಸ್ ಶರ್ಟ್ ಗಾಟ್ ವೆಟ್." ಕಾಮಾದ ಆಚೆ ರಮೇಶ ಕಂಡ, ತಪ್ಪಿಲ್ಲ ಎಂದು ಗುರುತು ಹಾಕಿದೆ. ಅಲ್ಲಿದ್ದವನು ರಮೇಶನಲ್ಲ, ರಮೇಶನ ಅಂಗಿ. ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದದ್ದು ಅಂಗಿ. ಮತ್ತೊಂದು ಪ್ರಶ್ನೆಯಲ್ಲಿ ಇದರ ತಿರುವುಮುರುವು: "ಕನ್ಸಿಡರಿಂಗ್ ದ ರೇನ್, ದ ಟ್ರೇನ್ ವಾಸ್ ಆನ್ ಟೈಮ್." ಕಾಮಾದ ಆಚೆ ಮನುಷ್ಯನಿಲ್ಲ, ಆದ್ದರಿಂದ ತಪ್ಪು ಎಂದುಕೊಂಡೆ. ಅದು ಸರಿಯಾದ ವಾಕ್ಯ. ಅಲ್ಲಿನ ಕನ್ಸಿಡರಿಂಗ್ ಯಾರೋ ಮಾಡುವ ಕೆಲಸವನ್ನು ಹೇಳುವುದಿಲ್ಲ. ನಾವು "ಈ ಮಳೆ ನೋಡಿದರೆ ರೈಲು ಹೊತ್ತಿಗೇ ಬಂತು ಎನ್ನಬೇಕು" ಎನ್ನುವಾಗಿನ 'ನೋಡಿದರೆ' ಇದ್ದ ಹಾಗೆ. ನೋಡುವವರು ಯಾರೆಂದು ಯಾರೂ ಕೇಳುವುದಿಲ್ಲ. ಸರ್ ಅವರನ್ನು ಕೇಳಿದೆ. "ಅಪವಾದಗಳು ಇರುತ್ತವೆ" ಎಂದರು. ಅಪವಾದಗಳ ಪಟ್ಟಿ ಕೊಡುತ್ತೀರಾ ಎಂದೆ. ಮುಂದಿನ ಬ್ಯಾಚಿನಲ್ಲಿ ಎಂದರು.

ಆ್ಯಪಿನ ಮಾತು ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅದನ್ನು ಕೊಂಡದ್ದೇ ಕನ್ನಡದ ಆಸೆಗೆ. ಪ್ರತಿ ಪ್ರಶ್ನೆಯ ಕೆಳಗೆ ಒಂದು ಗುಂಡಿ, ಒತ್ತಿದರೆ ವಾಕ್ಯವೂ ವಿವರಣೆಯೂ ಕನ್ನಡದಲ್ಲಿ ಬರುತ್ತವೆ. ಅಪ್ಪ ಫೋರ್ಟಿನ ಹೋಟೆಲಿನಲ್ಲಿ ಹಗಲು ದುಡಿದು ಕನ್ನಡದ ರಾತ್ರಿಶಾಲೆಯಲ್ಲಿ ಓದಿದವರು, ನಾನು ಏಳನೆಯ ತರಗತಿಯವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವನು. ಇಂಗ್ಲಿಷ್ ವ್ಯಾಕರಣವನ್ನು ಕನ್ನಡದಲ್ಲಿ ಹೇಳುತ್ತೇನೆ ಎಂದು ಯಾರಾದರೂ ಅಂದರೆ ನಾವು ಕೈ ಜೇಬಿಗೆ ಹಾಕದೆ ಇರುವುದು ಹೇಗೆ?

ಮೂರನೆಯ ವಾರದಲ್ಲಿ ಗೊತ್ತಾಯಿತು, ಕೆಡುಕು ಇರುವುದು ಆ ಗುಂಡಿಯಲ್ಲೇ ಎಂದು. ಪ್ರಶ್ನೆ ಇದು: "ವಾಕಿಂಗ್ ಟು ದ ಸ್ಟೇಷನ್, ದ ರೇನ್ ಸೋಕ್ಡ್ ಮೈ ಶರ್ಟ್." ಗುಂಡಿ ಒತ್ತಿದೆ. "ನಿಲ್ದಾಣಕ್ಕೆ ನಡೆದುಕೊಂಡು ಹೋಗುವಾಗ ಮಳೆ ನನ್ನ ಅಂಗಿಯನ್ನು ತೋಯಿಸಿತು" ಎಂದು ಬಂತು. ಅದರ ಕೆಳಗೆ, "ಈ ವಾಕ್ಯ ತಪ್ಪಾಗಿದೆ." ಏನು ತಪ್ಪು? ಕನ್ನಡದಲ್ಲಿ ಅದು ಚೊಕ್ಕ ವಾಕ್ಯ. ಮಳೆ ಕೊಡೆ ಹಿಡಿದು ಸ್ಟೇಷನ್ನಿಗೆ ಹೊರಟಿತ್ತು ಎಂದು ಕನ್ನಡ ಬಲ್ಲ ಯಾರಿಗೂ ಅನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಆ ವಾಕ್ಯದ ಅರ್ಥ ಅದೇ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಉದಾರಿ. "ಮನೆಗೆ ಬಂದ ಕೂಡಲೇ ಹಸಿವಾಯಿತು" ಎನ್ನುತ್ತೇವೆ. ಬಂದದ್ದು ನಾನು, ಆದದ್ದು ಹಸಿವು, ಯಾರಿಗೂ ಗೊಂದಲವಿಲ್ಲ. "ಕರ್ಜತ್ ಲೋಕಲ್ ಬಂದು ಪ್ಲಾಟ್‌ಫಾರ್ಮ್ ಖಾಲಿಯಾಯಿತು" ಎನ್ನುತ್ತೇವೆ. ಬಂದದ್ದು ಒಂದು, ಖಾಲಿಯಾದದ್ದು ಇನ್ನೊಂದು. ಕೆಲಸ ಯಾರದ್ದು ಎಂಬುದನ್ನು ಕೇಳುವವನು ಸಂದರ್ಭದಿಂದ ತಿಳಿದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಆ ಸಲಿಗೆ ಇಲ್ಲ. ಅಲ್ಲಿ ಯಜಮಾನನಿಲ್ಲದ 'ವಾಕಿಂಗ್' ಕಾಮಾ ದಾಟಿದ ಕೂಡಲೇ ಮೊದಲು ಸಿಕ್ಕ ಕರ್ತೃವಿನ ಮಡಿಲಲ್ಲಿ ಹೋಗಿ ಕುಳಿತುಬಿಡುತ್ತದೆ. ಅಲ್ಲಿ ಇದ್ದದ್ದು ಮಳೆ. ಇಂಥದ್ದಕ್ಕೆ ಡ್ಯಾಂಗ್ಲಿಂಗ್ ಮಾಡಿಫೈಯರ್ ಎಂದು ಹೆಸರು, ಎಂದರೆ ಜೋತಾಡುವುದು. ಎಂಟು ಗಂಟೆಯ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಜೋತುಬಿದ್ದು ಹೋಗುವವನಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ಇಂಥ ವಾಕ್ಯವನ್ನು ಕನ್ನಡಕ್ಕೆ ತಂದ ಕ್ಷಣವೇ ತಪ್ಪು ಮಾಯವಾಗುತ್ತದೆ. ಆ್ಯಪ್ ಮಾಡುತ್ತಿದ್ದದ್ದು ಅದನ್ನೇ. ಕಳ್ಳನನ್ನು ತೋರಿಸು ಎಂದರೆ ಅವನಿಗೆ ಮುಖ ತೊಳೆಸಿ, ಇಸ್ತ್ರಿ ಅಂಗಿ ತೊಡಿಸಿ ಎದುರು ನಿಲ್ಲಿಸುತ್ತಿತ್ತು. ಗುಂಡಿ ಒತ್ತುತ್ತಾ ಮೂರು ವಾರ ಅಭ್ಯಾಸ ಮಾಡಿದಾಗ ಮಾಡಿಫೈಯರ್ ಪ್ರಶ್ನೆಗಳಲ್ಲಿ 10ಕ್ಕೆ 4 ಬರುತ್ತಿತ್ತು. ಗುಂಡಿ ಬಿಟ್ಟ ಮೇಲೆ 6. ಸಹಾಯವಾಣಿಗೆ ಉದ್ದದ ಪತ್ರ ಬರೆದೆ. "ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದಗಳು" ಎಂದು ಉತ್ತರ ಬಂತು, ಅದೂ ಕನ್ನಡದಲ್ಲಿ. ಹಣ ಮರಳಲಿಲ್ಲ. ದಿವಾ ಸ್ಟೇಷನ್ ದಾಟುವಾಗ ನೆಟ್‌ವರ್ಕ್ ಹೋಗಿ ಗಡಿಯಾರ ಮಾತ್ರ ಓಡುತ್ತಿದ್ದದ್ದು, ವಿಡಿಯೊ ಮುಂದೂಡಲು ಬಿಡದೇ ಇದ್ದದ್ದು ಇವೆಲ್ಲ ಸಣ್ಣ ದೂರುಗಳು, ಬಿಡಿ.

ಇನ್ನು ಪುಸ್ತಕ. ಅದರ ಮೊದಲ ಕೊರತೆ, ಹಿಂದಿನ ಮಾಲೀಕ ಎಲ್ಲ ಪ್ರಶ್ನೆಗಳಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿಬಿಟ್ಟಿದ್ದ. ರಬ್ಬರಿನಿಂದ ಉಜ್ಜಿ ನೋಡಿದೆ. ನಾಲ್ಕು ಪುಟ ಉಜ್ಜುವಷ್ಟರಲ್ಲಿ ಕಾಗದ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣತೊಡಗಿತು. ಬಿಟ್ಟೆ. ಹಳೆಯ ರೈಲ್ವೆ ಪಾಸಿನಿಂದ ಗುರುತುಗಳನ್ನು ಮುಚ್ಚಿಕೊಂಡು ಓದತೊಡಗಿದೆ. ಉತ್ತರ ಬರೆದು ಪಾಸು ಸರಿಸಿದಾಗ ಅವನ ಗುರುತೂ ನನ್ನದೂ ಒಂದೇ ಆಗಿದ್ದು, ಪುಸ್ತಕ ಕೊಟ್ಟ ಉತ್ತರ ನೋಡಿದರೆ ಇಬ್ಬರದ್ದೂ ತಪ್ಪು, ಹೀಗೆ ಎಷ್ಟೋ ಸಲ ಆಯಿತು. ಯಾರೋ ಏನೋ, ನನ್ನ ಹಾಗೆಯೇ ಯೋಚಿಸುವ ಮನುಷ್ಯ. ಕ್ಲಾಸಿನ ಅರವತ್ತು ಜನರಲ್ಲಿ ಸಿಗದ ಜೊತೆಗಾರ ಸಿಕ್ಕ.

ಪುಸ್ತಕ ಗೆದ್ದದ್ದು ಅದರ ವಿವರಣೆಯಿಂದ. ಆ ಪರೀಕ್ಷೆಯಲ್ಲಿ ಪ್ರತಿ ವಾಕ್ಯಕ್ಕೆ ಐದು ಆಯ್ಕೆಗಳು, ಮೊದಲನೆಯದು ಯಾವಾಗಲೂ ಮೂಲದಲ್ಲಿ ಇದ್ದದ್ದೇ. ವಿವರಣೆಯಲ್ಲಿ ಸರಿ ಉತ್ತರ ಯಾವುದೆಂದು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ. ಉಳಿದ ನಾಲ್ಕೂ ಯಾಕೆ ಸಲ್ಲವೆಂದು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಅದೇ ಮಾದರಿಯಲ್ಲಿ ನನ್ನ ನೋಟುಬುಕ್ಕಿನಲ್ಲಿ ನಾನೇ ಮಾಡಿಕೊಂಡ ಒಂದನ್ನು ನೋಡಿ: "ದ ಕ್ಲರ್ಕ್ ಗೇವ್ ದ ಫೈಲ್ ಟು ದ ಮ್ಯಾನೇಜರ್ ವಿದ್ ಎ ಟಾರ್ನ್ ಕವರ್." ಹೊದಿಕೆ ಹರಿದಿರುವುದು ಮ್ಯಾನೇಜರರದ್ದು. 'ವಿದ್ ಎ ಟಾರ್ನ್ ಕವರ್' ಎಂಬ ತುಂಡನ್ನು ಎತ್ತಿ ವಾಕ್ಯದ ಆರಂಭಕ್ಕೆ ಇಟ್ಟರೆ ಅದು ಗುಮಾಸ್ತನಿಗೆ ಅಂಟಿಕೊಳ್ಳುತ್ತದೆ. "ದ ಕ್ಲರ್ಕ್ ಗೇವ್ ದ ಮ್ಯಾನೇಜರ್ ದ ಫೈಲ್ ವಿದ್ ಎ ಟಾರ್ನ್ ಕವರ್" ಎಂದಾಗ ಫೈಲಿನ ಪಕ್ಕಕ್ಕೆ ಬಂದು ನೆಲೆಯಾಗುತ್ತದೆ. ಕನ್ನಡದಲ್ಲಿ ಈ ಪಾಡಿಲ್ಲ. "ಹರಿದ ಹೊದಿಕೆಯ ಫೈಲನ್ನು ಮ್ಯಾನೇಜರಿಗೆ" ಎಂದರೂ ಆಯಿತು, "ಮ್ಯಾನೇಜರಿಗೆ ಹರಿದ ಹೊದಿಕೆಯ ಫೈಲನ್ನು" ಎಂದರೂ ಆಯಿತು. ವಿಶೇಷಣ ಮುಂದೆ ಬರುತ್ತದೆ, ಉಳಿದದ್ದನ್ನು 'ಅನ್ನು', 'ಇಗೆ' ಎಂಬ ವಿಭಕ್ತಿ ನೋಡಿಕೊಳ್ಳುತ್ತದೆ. ಇಂಗ್ಲಿಷಿಗೆ ಹೆಚ್ಚುಕಡಿಮೆ ಜಾಗವೇ ವಿಭಕ್ತಿ. ಈ ಒಂದು ಮಾತು ನನ್ನ ತಲೆಗೆ ಹೊಕ್ಕದ್ದು ಒಂದೇ ತುಂಡು ಐದು ಜಾಗಗಳಲ್ಲಿ ಅಲೆಯುವುದನ್ನು ನೂರಾರು ಸಲ ನೋಡಿದ ಮೇಲೆ. ಈಗ ಪ್ರತಿ ಮಾಡಿಫೈಯರಿನ ಎದುರು "ಯಾರು?" ಅಥವಾ "ಯಾವುದು?" ಎಂದು ಬರೆದು, ಉತ್ತರ ಅದರ ಪಕ್ಕದಲ್ಲೇ ಇದೆಯೇ ಎಂದು ನೋಡುತ್ತೇನೆ. ರಮೇಶನ ಅಂಗಿ ಅಲ್ಲೇ ಸಿಕ್ಕಿಬೀಳುತ್ತದೆ.

'ಓನ್ಲಿ'ಯ ವಿಷಯದಲ್ಲಿ ಮಾತ್ರ ಕನ್ನಡವೇ ಕೈ ಹಿಡಿಯಿತು. ಮಾಟುಂಗಾದ ಹೋಟೆಲಿನಲ್ಲಿ ಕುಳಿತು "ನಾನು ಮಾತ್ರ ಎರಡು ಇಡ್ಲಿ ತಿಂದೆ" ಎನ್ನುವುದಕ್ಕೂ "ನಾನು ಎರಡು ಇಡ್ಲಿ ಮಾತ್ರ ತಿಂದೆ" ಎನ್ನುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸವಿದೆ. ನಮ್ಮದು ಪದದ ಹಿಂದೆ ಅಂಟುತ್ತದೆ, ಅವರದು ಮುಂದೆ ನಿಲ್ಲುತ್ತದೆ, ಅಷ್ಟೇ.

ಪುಸ್ತಕದಲ್ಲಿ ಇಲ್ಲದ್ದೂ ಇದೆ. ಬ್ಯಾಂಕ್ ಪರೀಕ್ಷೆಯವರಿಗೆ 'ಎ', 'ಆ್ಯನ್', 'ದ' ಮೇಲೆ, 'ಇನ್', 'ಆನ್', 'ಅಟ್' ಮೇಲೆ ಬಹಳ ಪ್ರೀತಿ. ಜಿಮ್ಯಾಟ್ ಅವನ್ನು ಹೆಚ್ಚು ಕೆದಕುತ್ತಿರಲಿಲ್ಲ. ಇದಕ್ಕೆ ಕ್ಲಾಸಿನ ಝೆರಾಕ್ಸ್ ಹಾಳೆಗಳೇ ಒಳ್ಳೆಯವು, ನ್ಯಾಯವಾಗಿ ಹೇಳಬೇಕು. ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆ ಮೂರರಲ್ಲೂ ಸಮ. ಮಾವಿನ ಹಣ್ಣುಗಳ ಒಂದು ಪೆಟ್ಟಿಗೆ ಬಂದರೆ ಲೆಕ್ಕಕ್ಕೆ ಬರುವುದು ಪೆಟ್ಟಿಗೆ, ಹಣ್ಣಲ್ಲ ಎಂದು ಮೂರೂ ಹೇಳುತ್ತವೆ. ಪುಸ್ತಕದ ವಾಕ್ಯಗಳು ಉದ್ದುದ್ದ, ನಮ್ಮ ಪರೀಕ್ಷೆಯವು ಸಾಮಾನ್ಯವಾಗಿ ಗಿಡ್ಡ. ಉದ್ದದ್ದನ್ನು ಜಗ್ಗಿ ಅಭ್ಯಾಸವಾದವನಿಗೆ ಗಿಡ್ಡದ್ದು ಹಗುರ ಎಂಬುದು ನನ್ನ ಅನುಭವ, ಆದರೆ ವೇಗಕ್ಕೆ ಬೇರೆಯೇ ಅಭ್ಯಾಸ ಬೇಕು. ಅದಕ್ಕೆ ಆ್ಯಪಿನ ಅಣಕು ಪರೀಕ್ಷೆಗಳನ್ನು ಈಗಲೂ ಬಳಸುತ್ತೇನೆ, ಕನ್ನಡದ ಗುಂಡಿಯನ್ನು ಮುಟ್ಟದೆ. ಇನ್ನೊಂದು ಲಾಭ: ಮೊದಲ ಆಯ್ಕೆ ಎಂದರೆ 'ಇದ್ದ ಹಾಗೇ ಬಿಡು' ಎಂದು ರೂಢಿಯಾದದ್ದರಿಂದ, ಸರಿ ಇದ್ದ ವಾಕ್ಯವನ್ನೂ ತಿದ್ದಲು ಹೊರಡುವ ನನ್ನ ಚಾಳಿ ಕಡಿಮೆಯಾಯಿತು. ಬ್ಯಾಂಕಿನ ಪ್ರಶ್ನೆಯಲ್ಲೂ 'ತಪ್ಪಿಲ್ಲ' ಎಂಬುದು ಒಂದು ಉತ್ತರವೇ ತಾನೇ.

ಪುಣೆಯಲ್ಲಿರುವ ಅಕ್ಕನ ಮಗಳು ಅಮೆರಿಕದ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಬರೆಯುವವಳು. ಅವಳೂ ಇದೇ ಪುಸ್ತಕ ಕೇಳಿದಳು. ಬೇಡ ಎಂದೆ. ಎಸ್‌ಎಟಿಯಲ್ಲಿ ಮಾಡಿಫೈಯರ್ ಪ್ರಶ್ನೆ ಇಂದಿಗೂ ಇದೆ, ಆದರೆ ಆಯ್ಕೆಗಳು ನಾಲ್ಕು, ತಪ್ಪಿಗೆ ಅಂಕ ಕಡಿತವಿಲ್ಲ. ನಮ್ಮಲ್ಲಿ 2023ರಿಂದ ಅದು ಕಂಪ್ಯೂಟರಿನಲ್ಲೇ ನಡೆಯುತ್ತದೆ, ಪರೀಕ್ಷೆ ನಡೆಸುವವರೇ ಬ್ಲೂಬುಕ್ ಎಂಬ ತಮ್ಮ ಆ್ಯಪಿನಲ್ಲಿ ಪೂರ್ಣ ಅಭ್ಯಾಸ ಪರೀಕ್ಷೆಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ಪುಕ್ಕಟೆ ಸಿಗುವಾಗ ಅವಳು ಯಾಕೆ ನನ್ನ ಪುಸ್ತಕದ ಧೂಳು ಕುಡಿಯಬೇಕು?

ನನ್ನಂತೆ ದಿನಕ್ಕೆ ಎರಡೂವರೆ ಗಂಟೆ ಲೋಕಲಿನಲ್ಲಿ ಕಳೆಯುವವರು, ಒಂದು ವಾಕ್ಯದ ಮೇಲೆ ಐದು ನಿಮಿಷ ಕೂರುವ ತಾಳ್ಮೆ ಇರುವವರು, ತಿಂಗಳ ಕೊನೆಗೆ ಪರ್ಸ್ ತಡಕಾಡುವವರು ಹಳೇ ಪುಸ್ತಕ ಹುಡುಕಿ. 2023ಕ್ಕಿಂತ ಹಿಂದಿನ ಆವೃತ್ತಿಯೇ ಆಗಿರಲಿ. ವಿವರಣೆಯ ಪುಟಗಳು ಹರಿದು ಹೋಗಿಲ್ಲವಷ್ಟೇ ಎಂದು ಫುಟ್‌ಪಾತಿನಲ್ಲೇ ನಿಂತು ನೋಡಿಕೊಳ್ಳಿ. ತಾನಾಗಿ ಪುಸ್ತಕ ತೆರೆಯದವರು, ಯಾರಾದರೂ ಗದರಿದರೆ ಓದುವವರು ಕ್ಲಾಸಿಗೇ ಹೋಗಬೇಕು. ನಾನು ಹೋಗಿದ್ದ ಕ್ಲಾಸಿನ ಝೆರಾಕ್ಸ್ ಹಾಳೆಗಳ ಕಟ್ಟು ನನ್ನ ಹತ್ತಿರ ಹಾಗೇ ಇದೆ, ಡೊಂಬಿವಲಿ ಕಡೆಯವರು ಬಂದು ಒಯ್ಯಬಹುದು. ಪುಸ್ತಕ ಮಾತ್ರ ಕೊಡುವುದಿಲ್ಲ.