ಬ್ಯಾಟರಿ ಇಳಿದ ಮೇಲೆ ಮೂಕಾದ ಸ್ಟೀರಿಯೊ: ಕುರ್ಲಾದ ಅಂಗಡಿಯೊಂದರ ಕೆಲಸ

ಶ್ರಾವಣದಲ್ಲಿ ಊರಿಗೆ ಹೋಗಿ ಮೂರು ವಾರಗಳ ನಂತರ ಮುಂಬಯಿಯ ಮಾಟುಂಗಕ್ಕೆ ಮರಳಿದಾಗ, ಕಟ್ಟಡದ ಅಂಗಳದಲ್ಲಿ ಮಳೆಯಲ್ಲೇ ನಿಂತಿದ್ದ ನಮ್ಮ ಕಾರಿನ ಬ್ಯಾಟರಿ ಸಂಪೂರ್ಣವಾಗಿ ಇಳಿದುಹೋಗಿತ್ತು. ನೆರೆಮನೆಯವರ ಕಾರಿನಿಂದ ಜಂಪರ್ ಕೇಬಲ್ ಹಾಕಿ ಎಂಜಿನ್ ಚಾಲೂ ಮಾಡಿದೆವು. ಆದರೆ ಕ್ಲ್ಯಾಂಪ್ ಕೂಡಿಸುವ ಗಡಿಬಿಡಿಯಲ್ಲಿ ಒಮ್ಮೆ ಜೋರಾಗಿ ಕಿಡಿ ಹಾರಿತ್ತು. ಎಂಜಿನ್ ಓಡಿದರೂ ಡ್ಯಾಶ್‌ಬೋರ್ಡಿನ ಸ್ಟೀರಿಯೊ ಪರದೆ ಕಪ್ಪಾಗಿಯೇ ಉಳಿಯಿತು; ಹಾಡೂ ಇಲ್ಲ, ಹಿಂಬದಿಯ ಕ್ಯಾಮೆರಾ ಚಿತ್ರವೂ ಇಲ್ಲ.

ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರವೊಂದರಲ್ಲಿ ಹತ್ತು ನಿಮಿಷ ನೋಡಿ, ಇಡೀ ಯೂನಿಟ್ಟನ್ನೇ ಬದಲಿಸಬೇಕೆಂದೂ ಅದಕ್ಕೆ ಮೂವತ್ತೆರಡು ಸಾವಿರ ರೂಪಾಯಿ ಆಗುವುದೆಂದೂ ಹೇಳಿದರು. ಮೀಟರ್ ಹಿಡಿದು ಏನನ್ನಾದರೂ ಅಳೆದದ್ದನ್ನು ನಾನು ಕಾಣಲಿಲ್ಲ. ಕಿಂಗ್ಸ್ ಸರ್ಕಲ್ಲಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಪರಿಚಿತರು ನನ್ನ ಗೋಳು ಕೇಳಿ, ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ತಮ್ಮ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆಂದು ಕಳುಹಿಸಿದರು. ಹಳೆಯ ಬಿಡಿಭಾಗಗಳ ರಾಶಿಗಳ ನಡುವೆ, ಒಂದು ಕಾರು ಮಾತ್ರ ನಿಲ್ಲುವಷ್ಟು ಜಾಗದ ಅಂಗಡಿ ಅದು.

ಕುಂದಾಪುರದ ಕಡೆಯ ಆ ಹಿರಿಯರು ಬಾನೆಟ್ ತೆರೆಯುವ ಮೊದಲೇ ಕೇಳಿದ ಪ್ರಶ್ನೆ ಸ್ಟೀರಿಯೊದ ಕುರಿತಾಗಿರಲಿಲ್ಲ. “ಒಳಗಿನ ಲೈಟ್ ಹತ್ತುತ್ತದಾ?” ಎಂದರು. ಬಾಗಿಲು ತೆರೆದು ನೋಡಿದರೆ ಚಾವಣಿಯ ದೀಪವೂ ಉರಿಯುತ್ತಿರಲಿಲ್ಲ. ಅಷ್ಟು ದಿನ ಆ ಕಾರಿನಲ್ಲೇ ಓಡಾಡಿದ ನನಗೆ ಅದು ಗಮನಕ್ಕೇ ಬಂದಿರಲಿಲ್ಲ.

ಅವರು ವಿವರಿಸಿದ್ದು ಹೀಗೆ. ಸ್ಟೀರಿಯೊಗೆ ಎರಡು ದಾರಿಯಿಂದ ಕರೆಂಟ್ ಬರುತ್ತದೆ: ಸಾಮಾನ್ಯವಾಗಿ ಕೆಂಪು ಬಣ್ಣದ ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ, ಹಳದಿ ತಂತಿಗೆ ಸದಾಕಾಲ. ಗಡಿಯಾರ, ಸ್ಟೇಷನ್ನುಗಳು, ಸೆಟ್ಟಿಂಗುಗಳೆಲ್ಲ ನೆನಪಿನಲ್ಲಿ ಉಳಿಯುವುದು ಹಳದಿಯ ದಯೆಯಿಂದ. ಅನೇಕ ಕಾರುಗಳಲ್ಲಿ ಒಳದೀಪಕ್ಕೂ ಹಳದಿ ತಂತಿಗೂ ಫ್ಯೂಸ್ ಒಂದೇ ಆಗಿರುವುದರಿಂದ, ಎರಡೂ ಒಟ್ಟಿಗೆ ಸತ್ತಿದ್ದರೆ ಯೂನಿಟ್ಟನ್ನು ದೂರುವ ಮುನ್ನ ಫ್ಯೂಸ್ ನೋಡಬೇಕು. ಮೀಟರಿನ ಮೊನೆ ಇಟ್ಟು ತೋರಿಸಿದರು: ಕೆಂಪಿನಲ್ಲಿ 12 ವೋಲ್ಟಿನಷ್ಟು, ಹಳದಿಯಲ್ಲಿ ಸೊನ್ನೆ. ಸ್ಟೀರಿಂಗಿನ ಕೆಳಗಿನ ಪೆಟ್ಟಿಗೆಯಿಂದ ಕಿತ್ತ 15 ಆಂಪಿಯರಿನ ನೀಲಿ ಫ್ಯೂಸನ್ನು ಬೆಳಕಿಗೆ ಹಿಡಿದಾಗ, ನಡುವಿನ ಸಣ್ಣ ಪಟ್ಟಿ ಕರಗಿ ಕಪ್ಪು ಚುಕ್ಕೆಯಾಗಿತ್ತು. ಜಂಪರ್ ಹಾಕುವಾಗ ಹಾರಿದ ಕಿಡಿಯೇ ಕಾರಣವಿರಬೇಕು ಎಂದರು. ಹೊಸದನ್ನು ಒತ್ತಿದ ಕೂಡಲೇ ಪರದೆ ಬೆಳಗಿತು, ಆದರೆ ನಾಲ್ಕು ಅಂಕಿಗಳ ಕೋಡ್ ಕೇಳುತ್ತ ನಿಂತಿತು.

ನಾನು ಯಾವುದೋ ಅಂಕಿ ಒತ್ತಲು ಕೈ ಚಾಚಿದೆ. “ಬೇಡ ಮಾರಾಯ್ರೆ, ಅಂದಾಜಿನ ಆಟ ಆಡ್ಬೇಡಿ” ಎಂದು ತಡೆದರು. ಕದ್ದ ಸ್ಟೀರಿಯೊ ಬೇರೆ ಕಾರಿನಲ್ಲಿ ಹಾಡಬಾರದೆಂದು ಇಟ್ಟ ಬೀಗ ಅದು. ಕೆಲವು ಯೂನಿಟ್ಟುಗಳು ಮೂರ್ನಾಲ್ಕು ತಪ್ಪಿಗೆ ಬಹಳ ಹೊತ್ತು ಮುನಿಸಿಕೊಳ್ಳುತ್ತವೆ. ಕಾರು ಸೆಕೆಂಡ್ ಹ್ಯಾಂಡ್ ಆದ್ದರಿಂದ ಕೋಡ್ ಕಾರ್ಡ್ ನನ್ನ ಬಳಿ ಇರಲಿಲ್ಲ. ನನ್ನ ಆರ್.ಸಿ. ಪುಸ್ತಕವನ್ನು ನೋಡಿದ ಮೇಲೆಯೇ ಅವರು ಯೂನಿಟ್ಟನ್ನು ಹೊರಗೆಳೆದು, ಪಕ್ಕದ ಚೀಟಿಯಲ್ಲಿದ್ದ ಸೀರಿಯಲ್ ನಂಬರನ್ನು ಬರೆದುಕೊಟ್ಟರು. ಮೂವತ್ತೆರಡು ಸಾವಿರ ಕೇಳಿದ್ದ ಅದೇ ಸರ್ವಿಸ್ ಕೇಂದ್ರ, ಆ ನಂಬರನ್ನೂ ಆರ್.ಸಿ.ಯನ್ನೂ ತೋರಿಸಿದಾಗ ಮರುದಿನ ಕೋಡನ್ನು ಪುಕ್ಕಟೆಯಾಗಿ ಕೊಟ್ಟಿತು.

ಈ ಅಂಗಡಿಗೆ ನಾನು ಹೆಚ್ಚು ಅಂಕ ಕೊಡುವುದು ಅದರ ಮುಂದಿನ ಕೆಲಸಕ್ಕೆ. ಕೋಡ್ ತರುವ ಮುನ್ನವೇ ಅವರು ಬ್ಯಾಟರಿ ಇಳಿದದ್ದೇಕೆಂದು ಹುಡುಕಿದರು, ಏಕೆಂದರೆ ಆ ಪರೀಕ್ಷೆಗೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು, ಬಿಚ್ಚಿದರೆ ಕೋಡ್ ಮತ್ತೆ ಕೇಳುತ್ತದೆ. ಎಂಜಿನ್ ಓಡುವಾಗ 14.2 ವೋಲ್ಟ್ ಬರುತ್ತಿದ್ದುದರಿಂದ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿತ್ತು. ನಂತರ ಬಿಚ್ಚಿದ ತಂತಿಯ ನಡುವೆ ಮೀಟರ್ ಜೋಡಿಸಿ, ಬಾಗಿಲು ಲಾಕ್ ಮಾಡಿ, ಕಾರು ನಿದ್ದೆಗೆ ಜಾರಲೆಂದು ಅರ್ಧ ಗಂಟೆ ಕಾದೆವು. ನಿಂತ ಕಾರು 50 ಮಿಲಿ ಆಂಪಿಯರಿನೊಳಗೆ ಎಳೆದರೆ ಚಿಂತೆಯಿಲ್ಲ. ನಮ್ಮದು 210 ಎಳೆಯುತ್ತಿತ್ತು. ದಿನಕ್ಕೆ ಸುಮಾರು 5 ಆಂಪಿಯರ್ ಅವರ್, ಅಂದರೆ ನಮ್ಮ 45 ಆಂಪಿಯರ್ ಅವರಿನ ಬ್ಯಾಟರಿ ಒಂಬತ್ತು ದಿನಗಳಲ್ಲಿ ಬರಿದು. ಕಳೆದ ವರ್ಷ ಬೇರೊಂದು ಕಡೆ ಹಾಕಿಸಿದ, ರಸ್ತೆಯನ್ನು ಚಿತ್ರೀಕರಿಸುವ ಡ್ಯಾಶ್‌ಕ್ಯಾಮಿನ ತಂತಿಯನ್ನು ಸ್ಟೀರಿಯೊದ ಹಳದಿಗೇ ಸುತ್ತಿ ಟೇಪ್ ಅಂಟಿಸಿದ್ದರು. ಅದನ್ನು ಕೆಂಪಿಗೆ ಬದಲಿಸಿದ ಮೇಲೆ ಮೀಟರ್ 30ಕ್ಕೆ ಇಳಿಯಿತು.

ಕೋಡ್ ಹಾಕಿದ ಮೇಲೆ ಉಳಿದದ್ದು ಮನೆಗೆಲಸ: ಗಡಿಯಾರ ತಿದ್ದುವುದು, ಫೋನಿನ ಬ್ಲೂಟೂತ್ ಮತ್ತೆ ಜೋಡಿಸುವುದು, ಆಕಾಶವಾಣಿಯ 100.7 ಮತ್ತು 107.1ನ್ನು ಮತ್ತೆ ಉಳಿಸುವುದು. ಚಾಲಕನ ಬದಿಯ ಗಾಜು ಒಂದೇ ಒತ್ತಿಗೆ ಏರುವುದನ್ನೂ ಮರೆತಿತ್ತು. ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಎತ್ತಿ ಹಿಡಿದಾಗ ಅದಕ್ಕೂ ನೆನಪು ಬಂತು.

ಎಲ್ಲಕ್ಕೂ ಸೇರಿ ರೂ. 900 ತೆಗೆದುಕೊಂಡರು. ಕೊರತೆಗಳಿಲ್ಲವೆಂದಲ್ಲ. ಕೇಳುವವರೆಗೆ ಬಿಲ್ ಕೊಡಲಿಲ್ಲ. ಮಧ್ಯಾಹ್ನ ಹೋದವನು ನನ್ನ ಸರದಿಗಾಗಿ ಎರಡು ಗಂಟೆ ರಸ್ತೆಬದಿಯ ಸ್ಟೂಲಿನ ಮೇಲೆ ಕುಳಿತಿದ್ದೆ, ಅಷ್ಟು ಹೊತ್ತು ಕಾರು ಡಬಲ್ ಪಾರ್ಕಿಂಗಿನಲ್ಲಿತ್ತು. ಯೂನಿಟ್ಟನ್ನು ಎಳೆಯುವಾಗ ಹುಡುಗನ ಕೈಯಲ್ಲಿ ಸುತ್ತಿನ ಪ್ಲಾಸ್ಟಿಕ್ ಫ್ರೇಮಿನ ಒಂದು ಕ್ಲಿಪ್ ಮುರಿದು, ಅಲ್ಲಿಗೆ ಎರಡು ಬದಿಯ ಟೇಪ್ ಅಂಟಿಸಿದ್ದಾರೆ. ಕಲೀನಾದ ಗುಂಡಿಗಳ ಮೇಲೆ ಹಾಯುವಾಗ, ಹಾಡಿನ ದನಿ ತಗ್ಗಿಸಿದರೆ, ಅದು ಕಟಕಟ ಎನ್ನುವುದು ಕೇಳಿಸುತ್ತದೆ.