ಎಎಲ್‌ಕೆ ಡಿ5ಎಫ್3 ಕಿಟ್: ಫಾರ್ಮಲಿನ್ ಸರಿಯಿದ್ದರೆ ಬಣ್ಣವೂ ಸರಿ

ಶ್ವಾಸಕೋಶದ ಅಡಿನೊಕಾರ್ಸಿನೋಮಾ (ಒಂದು ಬಗೆಯ ಕ್ಯಾನ್ಸರ್) ಇರುವ ನೂರು ಜನರಲ್ಲಿ ಸುಮಾರು 3ರಿಂದ 5 ಜನರಿಗೆ ಎಎಲ್‌ಕೆ ಜೀನ್ ಮುರಿದು ಬೇರೊಂದಕ್ಕೆ, ಹೆಚ್ಚಾಗಿ ಇಎಂಎಲ್4ಕ್ಕೆ, ಅಂಟಿಕೊಂಡಿರುತ್ತದೆ. ಎಎಲ್‌ಕೆ ಪ್ರೋಟೀನಿಗೆ ಡಿ5ಎಫ್3 ಎಂಬ ಆ್ಯಂಟಿಬಾಡಿಯಿಂದ ಬಣ್ಣ ಹಿಡಿಸಿ ಅದನ್ನು ಪತ್ತೆಹಚ್ಚುವ ವೆಂಟಾನಾ ಕಿಟ್ ಬಗ್ಗೆ ಈ ವಿಮರ್ಶೆ.

ಓದುವುದು ಸುಲಭ, ಅದೇ ಇದರ ದೊಡ್ಡ ಗುಣ. ಶೇಕಡಾವಾರು ಲೆಕ್ಕದ ತಕರಾರಿಲ್ಲ. ಗಡ್ಡೆಯ ಕೆಲವೇ ಕೋಶಗಳ ಸೈಟೊಪ್ಲಾಸಂನಲ್ಲಿ ಗಾಢವಾದ, ಕಾಳುಕಾಳಾದ ಕಂದು ಬಣ್ಣ ಕಂಡರೂ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಜೀನ್ ಮುರಿದದ್ದನ್ನು ಹೊಳೆಯುವ ಚುಕ್ಕೆಗಳಲ್ಲಿ ನೇರವಾಗಿ ತೋರಿಸುವ ಫಿಶ್ ಪರೀಕ್ಷೆಗಾದರೆ ಫ್ಲೋರೊಸೆನ್ಸ್ ಮೈಕ್ರೋಸ್ಕೋಪ್ ಬೇಕು, ಕನಿಷ್ಠ 50 ಕೋಶ ಎಣಿಸಬೇಕು, 15%ರ ಗಡಿ ನೋಡಬೇಕು. 2015ರಲ್ಲಿ ಅಮೆರಿಕದ ಎಫ್‌ಡಿಎ ಎಎಲ್‌ಕೆ ತಡೆಯುವ ಔಷಧ ಕ್ರಿಜೋಟಿನಿಬ್ ಕೊಡುವ ತೀರ್ಮಾನಕ್ಕೆ ಈ ಕಿಟ್ಟನ್ನೂ ಒಪ್ಪಿತು. ಕೊರತೆಯೆಂದರೆ, ಇದು ವೆಂಟಾನಾದ್ದೇ ಬೆಂಚ್‌ಮಾರ್ಕ್ ಎಂಬ ಸ್ಟೇನಿಂಗ್ ಯಂತ್ರಕ್ಕೆ ಕಟ್ಟಿಹಾಕಿದ ಕಿಟ್. ಕೈಯಲ್ಲಿ ಸ್ಟೇನ್ ಮಾಡಿದ ಸ್ಲೈಡಿಗೆ ಆ ಮಾನ್ಯತೆ ಇಲ್ಲ.

ಬ್ಲಾಕನ್ನು (ಮೇಣದಲ್ಲಿ ಹುದುಗಿಸಿದ ಬಯಾಪ್ಸಿ ತುಣುಕು) ಬೆಳಗಾವಿಯಲ್ಲೇ ನೋಡಲಿ, ಬೆಂಗಳೂರಿಗೋ ಮುಂಬೈಗೋ ಕಳಿಸಲಿ, ಕೆಡುವುದು ಹೆಚ್ಚಾಗಿ ಯಂತ್ರಕ್ಕೆ ಏರುವ ಮುಂಚೆಯೇ. ತುಣುಕನ್ನು ಸಲೈನ್‌ನಲ್ಲಿ ಇಡಬೇಡಿ, ಬಫರ್ ಬೆರೆಸಿದ ಫಾರ್ಮಲಿನ್‌ಗೇ ಹಾಕಿ. ಅದರ ಅಳತೆ: 100 ಮಿಲಿ ಗಾಢ ಫಾರ್ಮಲಿನ್‌ಗೆ 900 ಮಿಲಿ ನೀರು, ಜೊತೆಗೆ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಬಫರ್ ಬಿಟ್ಟು ಬರೀ ನಲ್ಲಿ ನೀರು ಬೆರೆಸಿದರೆ ದ್ರಾವಣ ಆಮ್ಲವಾಗಿ ಕಪ್ಪುಗಂದು ಪಿಗ್ಮೆಂಟ್ ಕೂರುತ್ತದೆ, ನಿಜವಾದ ಸ್ಟೇನ್ ಯಾವುದೆಂದು ಕಣ್ಣು ತಬ್ಬಿಬ್ಬಾಗುತ್ತದೆ. ಫಿಕ್ಸೇಶನ್, ಅಂದರೆ ಫಾರ್ಮಲಿನ್‌ನಲ್ಲಿ ಇರಬೇಕಾದ ಸಮಯ, 6ರಿಂದ 72 ಗಂಟೆ. ಶನಿವಾರ ಸಂಜೆ ಹಾಕಿದ್ದನ್ನು ಸೋಮವಾರ ಬೆಳಿಗ್ಗೆ ತೆಗೆದರೆ ನಡೆಯುತ್ತದೆ. ದೀಪಾವಳಿಯ ನಾಲ್ಕು ದಿನದ ರಜೆ ನಡೆಯುವುದಿಲ್ಲ. ಮೂಳೆಯ ಬಯಾಪ್ಸಿಯನ್ನು ಆಮ್ಲದಲ್ಲಿ ಮೆದು ಮಾಡಿದ್ದರೆ ಅದರ ನೆಗೆಟಿವ್ ಫಲಿತಾಂಶವನ್ನು ನಂಬುವಂತಿಲ್ಲ. ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯಿಂದ ಹೊರಡುವ ಬ್ಲಾಕಿಗೆ ಜೆಲ್ ಪ್ಯಾಕ್ ಸುತ್ತಿ, ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ.

ಬ್ರಾಂಕೋಸ್ಕೋಪಿ ತುಣುಕು ಎಷ್ಟಿದ್ದೀತು? ಕ್ಯಾನ್ಸರಿನ ಸಬ್‌ಟೈಪ್ ತಿಳಿಯಲು ಟಿಟಿಎಫ್-1, ಪಿ40 ಎಂಬ ಎರಡು ಮಾರ್ಕರ್ ಸಾಕು, ಹತ್ತು ಮಾರ್ಕರ್ ಹಾಕಿ ಮುಗಿಸಬೇಡಿ. ಬ್ಲಾಕನ್ನು ಪ್ರತಿ ಸಲ ಮತ್ತೆ ಸೆಕ್ಷನ್ ಕತ್ತರಿಸುವ ಯಂತ್ರಕ್ಕೇರಿಸಿದಾಗ ಒಂದಿಷ್ಟು ಟಿಶ್ಯೂ ವ್ಯರ್ಥವಾಗುತ್ತದೆ. ಹಾಗಾಗಿ ಮೊದಲ ಸಲವೇ 4 ಮೈಕ್ರಾನಿನ ಹತ್ತು ಸೆಕ್ಷನ್‌ಗಳನ್ನು ಚಾರ್ಜ್ಡ್ ಸ್ಲೈಡಿನ ಮೇಲೆ ತೆಗೆದಿಡಿ. ಈ ಪರೀಕ್ಷೆಗೆ ಬೇಕಾದದ್ದು ಮೂರೇ: ಎಚ್ ಆ್ಯಂಡ್ ಇ (ಮಾಮೂಲಿ ಸ್ಟೇನ್), ಎಎಲ್‌ಕೆ, ನೆಗೆಟಿವ್ ಕಂಟ್ರೋಲ್. ಉಳಿದದ್ದು ಇಜಿಎಫ್ಆರ್ ಎಂಬ ಇನ್ನೊಂದು ಜೀನಿನ ಪರೀಕ್ಷೆಗೆ ಇರಲಿ, ನಮ್ಮಲ್ಲಿ ಅದರ ದೋಷವೇ ಹೆಚ್ಚು.

ಕಂಟ್ರೋಲ್‌ಗೆ ಅಪೆಂಡಿಕ್ಸ್ ಒಳ್ಳೆಯದು. ಅದರ ಗ್ಯಾಂಗ್ಲಿಯನ್ (ನರ) ಕೋಶಗಳಿಗೆ ಬಣ್ಣ ಹಿಡಿಯದಿದ್ದರೆ ಆ ಸಲದ ರನ್ ತಿರಸ್ಕರಿಸಿ. ಮ್ಯಾಕ್ರೋಫೇಜ್‌ನ ತೆಳು ಚುಕ್ಕೆ, ಲೋಳೆ, ಸತ್ತ ಭಾಗದ ಬಣ್ಣ, ಇವ್ಯಾವೂ ಲೆಕ್ಕಕ್ಕಿಲ್ಲ. ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಸ್ರವಿಸುವ ಬಗೆಯ ಕೋಶಗಳ) ಗಡ್ಡೆಯಂತೂ ಜೀನ್ ಮುರಿಯದೆಯೂ ಬಣ್ಣ ಹಿಡಿದು ಮೋಸ ಮಾಡಬಲ್ಲದು.

ರಿಪೋರ್ಟ್ ನೆಗೆಟಿವ್, ಆದರೆ ರೋಗಿ ಚಿಕ್ಕ ವಯಸ್ಸಿನವರು, ಬೀಡಿ ಸಿಗರೇಟು ಮುಟ್ಟಿದವರಲ್ಲ, ಸ್ಲೈಡಿನಲ್ಲಿ ಉಂಗುರದಂತೆ ಕಾಣುವ ಸಿಗ್ನೆಟ್ ರಿಂಗ್ ಕೋಶಗಳೂ ಇವೆ ಅಂದರೆ ಅದೇ ಬ್ಲಾಕಿನ ಮೇಲೆ ಫಿಶ್ ಮಾಡಿಸಿ.